ಪ್ರ: ಅಡಿಕೆ ಗೋದಾಮಿನಲ್ಲಿ 10–15 ಮೀಟರ್ ದೂರದ ಹೆಗ್ಗಣಕ್ಕೆ .22 ಏರ್‌ಗನ್ನೇ ಬೇಕಾ? ಮಂಗ, ನವಿಲಿಗೂ ಹೊಡೆಯಬಹುದಾ?

ಬೇಡ ಸರ್, .177 (ಅಂದರೆ 4.5 ಮಿ.ಮೀ.) ಸಾಕು. ನಮ್ಮಲ್ಲಿ 4.5 ಮಿ.ಮೀ.ಗಿಂತ ದೊಡ್ಡ ಬೋರ್ (ನಳಿಗೆಯ ಒಳ ಅಗಲ) ಅಥವಾ 20 ಜೂಲ್ ಮೀರಿದ ಶಕ್ತಿ ಇದ್ದರೆ ಲೈಸೆನ್ಸ್ ಬೇಕು; .22 ಅಂದರೆ 5.5 ಮಿ.ಮೀ., ಅಲ್ಲಿಗೇ ಮಿತಿ ದಾಟಿತು. ನೀವು ಹೇಳಿದ 10–15 ಮೀಟರಿಗೆ ಅಷ್ಟು ಬೇಕೂ ಇಲ್ಲ. 0.54 ಗ್ರಾಂ ಪೆಲೆಟ್ (ಏರ್‌ಗನ್ನಿನ ಪುಟ್ಟ ಸೀಸದ ಗುಂಡು) ಸೆಕೆಂಡಿಗೆ 240 ಮೀಟರ್ ಹೋದರೆ ಸುಮಾರು 15.5 ಜೂಲ್, ಹೆಗ್ಗಣದ ತಲೆಗೆ ಧಾರಾಳ. ಡಬ್ಬಿಯ ಮೇಲಿನ ‘ಸೆಕೆಂಡಿಗೆ 1000 ಅಡಿ ವೇಗ’ ನೋಡಿ ಮರುಳಾಗಬೇಡಿ, ಅದು ತೀರಾ ಹಗುರ ಪೆಲೆಟ್ಟಿನ ಲೆಕ್ಕ. ದುಂಡು ತಲೆಯ ಪೆಲೆಟ್ಟನ್ನೇ ತಗೊಳ್ಳಿ. ಚೂಪು ತಲೆಯದು ಚೆನ್ನಾಗಿ ಕಾಣುತ್ತೆ, ಏಟು ಮಾತ್ರ ಒಂದೇ ಕಡೆ ಬೀಳದೆ ಚದುರುತ್ತೆ.

ಹೆಚ್ಚಿನವರು ಎಡವುವುದು ಸ್ಕೋಪಿನಲ್ಲಿ (ಗುರಿ ನೋಡುವ ದುರ್ಬೀನು). ಸ್ಕೋಪ್ ನಳಿಗೆಗಿಂತ 4 ಸೆಂ.ಮೀ. ಮೇಲಿರುತ್ತೆ. 15 ಮೀಟರಿಗೆ ಝೀರೋ ಮಾಡಿದ್ದರೆ (ಆ ದೂರದಲ್ಲಿ ಗುರಿಯಿಟ್ಟಲ್ಲೇ ಏಟು ಬೀಳುವಂತೆ ಹೊಂದಿಸಿದ್ದರೆ) 5 ಮೀಟರಿನಲ್ಲಿ ಏಟು 2 ಸೆಂ.ಮೀ.ಗಿಂತ ಕೆಳಗೆ ಬೀಳುತ್ತೆ. ತಲೆಗೆ ಇಟ್ಟ ಗುರಿ ದವಡೆಗೆ ತಾಗಿ, ಗಾಯಗೊಂಡ ಹೆಗ್ಗಣ ಮೂಟೆ ಸಂದಿಯಲ್ಲಿ ಸತ್ತು ನಾರುತ್ತೆ. ರಟ್ಟಿನ ಮೇಲೆ 5, 10, 15 ಮೀಟರಿಂದ ಹೊಡೆದು ಗುರುತು ಹಾಕಿಕೊಳ್ಳಿ. ಗುರಿ ಕಣ್ಣು–ಕಿವಿಯ ನಡುವೆ.

ಸ್ಪ್ರಿಂಗ್ ಗನ್ನಾದರೆ ಗನ್ನಿನ ಮುಂಭಾಗವನ್ನು ಬಿಗಿಹಿಡಿಯದೆ ಅಂಗೈ ಮೇಲೆ ಕೂರಿಸಿ, ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯಬೇಡಿ. ನಳಿಗೆಗೆ ಕೊಬ್ಬರಿ ಎಣ್ಣೆ ಬಿಡುವವರೂ ಇದ್ದಾರೆ! ಒತ್ತಡಕ್ಕೆ ಎಣ್ಣೆ ಹೊತ್ತಿ ಸೀಲ್ ಹಾಳಾಗುತ್ತೆ.

ಗೋಡೆ, ಕಾಂಕ್ರೀಟ್ ನೆಲಕ್ಕೆ ತಾಗಿದ ಪೆಲೆಟ್ ಹಿಂದಕ್ಕೆ ಹಾರುತ್ತೆ. ಗುರಿಯ ಹಿಂದೆ ಮರಳು ಚೀಲ, ಕಣ್ಣಿಗೆ ಕನ್ನಡಕ ಇರಲಿ. ಅಡಿಕೆ ರಾಶಿಯತ್ತ ಹೊಡೆಯಬೇಡಿ, ಸೀಸ ಅದರೊಳಗೇ ಉಳಿಯುತ್ತೆ.

ಮಂಗ, ನವಿಲಿನ ವಿಚಾರವನ್ನೂ ಕೇಳಿದ್ದೀರಿ. ಅವಕ್ಕೆ ಗುರಿ ಇಡಲೇಬೇಡಿ, 1972ರ ವನ್ಯಜೀವಿ ಕಾಯ್ದೆಯಡಿ ಕೇಸಾಗುತ್ತೆ.