ಆಷಾಢದ ಗಾಳಿಗೆ ಮಾರಿಕಣಿವೆಯಲ್ಲಿ ಕೈಟ್‌ಸರ್ಫಿಂಗ್ ಆಗದೇ?

ಪ್ರಶ್ನೆ: ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಆಷಾಢವಿಡೀ ತಿರುಗುತ್ತವೆ. ಇಷ್ಟು ಗಾಳಿ ಇಟ್ಟುಕೊಂಡು ಕೈಟ್‌ಸರ್ಫಿಂಗ್ (ಹಲಗೆಯ ಮೇಲೆ ನಿಂತು, ಕೈಟ್ ಎಂಬ ದೊಡ್ಡ ಗಾಳಿಪಟದ ಎಳೆತಕ್ಕೆ ನೀರಿನ ಮೇಲೆ ಜಾರುವ ಆಟ) ಕಲಿಯಲು ರಾಮೇಶ್ವರಕ್ಕೆ ಯಾಕೆ ಹೋಗಬೇಕು? ನಮ್ಮ ಮಾರಿಕಣಿವೆಯ ವಾಣಿವಿಲಾಸ ಸಾಗರ ಜಲಾಶಯದಲ್ಲಿ ಆಗದೇ?
– ಓದುಗರು, ಹಿರಿಯೂರು

ಉತ್ತರ: ಗಾಳಿಗೆ ಬರವಿಲ್ಲ, ಅದರ ನಡತೆ ಸರಿಯಿಲ್ಲ. ಯಂತ್ರದ ರೆಕ್ಕೆಗೆ ಸಿಗುವುದು ಗುಡ್ಡದ ನೆತ್ತಿಯಿಂದಲೂ ಹತ್ತಾರು ಮೀಟರ್ ಮೇಲಿನ ಗಾಳಿ. ಮಾರಿಕಣಿವೆಯ ನೀರು ಗುಡ್ಡಗಳ ನಡುವೆ ನಿಂತಿದೆ. ಗುಡ್ಡ ಹತ್ತಿ ಇಳಿದ ಗಾಳಿ ಅಲ್ಲಿ ಸುಳಿ ಸುತ್ತುತ್ತದೆ, ಸತ್ತಂತೆ ನಿಂತು ಮರುಗಳಿಗೆ ಬಡಿಯುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಕೈಟಿನ ಎಳೆತ ನಾಲ್ಕು ಪಟ್ಟಾಗುತ್ತದೆ. 10 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇದ್ದದ್ದು 20ಕ್ಕೆ ಏರಿದರೆ ಹೊಸಬರು ದಡದ ಕಲ್ಲಿನ ಮೇಲೆ ಬೀಳುತ್ತಾರೆ. ಜಲಾಶಯಕ್ಕೆ ಇಳಿಯಲು ಅನುಮತಿಯೂ ಬೇಕು.

ಬೇಸಿಗೆಯ ಕೊನೆಗೆ ರಾಮೇಶ್ವರಕ್ಕೆ ಬರುವುದೂ ಇದೇ ನೈಋತ್ಯ ಮಾರುತ. ಘಟ್ಟದಲ್ಲಿ ಮಳೆ ಸುರಿಸಿ, ಒಣಗಿ, ನಮ್ಮ ಚಳ್ಳಕೆರೆಗೆ ಬಂದ ಹಾಗೆಯೇ ಬರುತ್ತದೆ. ಆದರೆ ಅಲ್ಲಿ ದಾರಿಗೆ ಅಡ್ಡ ಬರುವುದು ತಗ್ಗು ಮರಳದಿಣ್ಣೆ ಮಾತ್ರ. ಅದು ಅಲೆಯನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ. ಹಾಗಾಗಿ ದಿಣ್ಣೆಯ ಹಿಂದಿನ ಲಗೂನ್‌ನಲ್ಲಿ, ಅಂದರೆ ಕಡಲಿನಿಂದ ಮರೆಯಾದ ತೆಳು ನೀರಿನಲ್ಲಿ, ನೀರು ಚಪ್ಪಟೆ, ಹಲವೆಡೆ ಸೊಂಟದಷ್ಟೇ ಆಳ. ಬಿದ್ದರೆ ಎದ್ದು ನಿಲ್ಲಬಹುದು. ಕಲಿಯುವವರಿಗೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಂದು ಹಂಗಾಮು, ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಈಶಾನ್ಯ ಗಾಳಿಯದು ಇನ್ನೊಂದು. ಅಕ್ಟೋಬರ್, ನವೆಂಬರ್ ಅಲ್ಲಿನ ಮಳೆಗಾಲ, ಹೋಗಬೇಡಿ. ಶ್ರೀಲಂಕಾದ ಕಲ್ಪಿಟಿಯ ಲಗೂನ್‌ನ ಲೆಕ್ಕವೂ ಹೆಚ್ಚುಕಡಿಮೆ ಇದೇ. ಹತ್ತಿರವೆಂದು ಆಷಾಢದಲ್ಲಿ ಗೋಕರ್ಣಕ್ಕೋ ಮಲ್ಪೆಗೋ ಹೋಗುವುದು ಬೇಡವೇ ಬೇಡ. ಆಗ ಅಲ್ಲಿ ಅಲೆ ದಡವನ್ನೇ ಕೊರೆಯುತ್ತಿರುತ್ತದೆ.

ಪ್ರಶ್ನೆ: ನನ್ನ ತೂಕ 70 ಕೆ.ಜಿ. ಸೆಕೆಂಡ್‌ಹ್ಯಾಂಡ್ ಕೈಟ್ ಕೊಳ್ಳುವಾಗ ಏನು ನೋಡಬೇಕು?
– ಓದುಗರು, ದಾವಣಗೆರೆ

ಉತ್ತರ: ಮೊದಲು ಕಲಿಯಿರಿ, ಆಮೇಲೆ ಕೊಳ್ಳಿ. ನಿಮ್ಮ ತೂಕಕ್ಕೆ 14–20 ನಾಟ್ ಗಾಳಿಗೆ 12 ಚದರ ಮೀಟರ್ ಕೈಟ್, ಅದಕ್ಕಿಂತ ಜೋರಾದರೆ 9.

ಮುಂದಂಚಿನ ಟ್ಯೂಬಿಗೆ 6 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೆತ್ತಗಾಗಿದ್ದರೆ ವಾಲ್ವಿನ ಸುತ್ತ ಸೋಪುನೀರು ಸವರಿ. ಸಾಮಾನ್ಯವಾಗಿ ಗುಳ್ಳೆ ಏಳುವುದು ಅಲ್ಲೇ. ನಮ್ಮೂರ ಬಿಸಿಲಲ್ಲಿ ಕಾರಿನೊಳಗಿಟ್ಟ ಕೈಟಿನ ವಾಲ್ವ್ ಅಂಟು ಬಿಡುತ್ತದೆ. ಆಮೇಲೆ ನಾಲ್ಕು ದಾರಗಳ ತುದಿಯನ್ನು ಒಂದೇ ಮೊಳೆಗೆ ಸಿಕ್ಕಿಸಿ, ಬಾರ್ (ಕೈಟನ್ನು ನಡೆಸುವ ಹಿಡಿಕೋಲು) ಹಿಡಿದು ಎಳೆಯಿರಿ. ಹೆಚ್ಚು ಭಾರ ಹೊರುವ ಮುಂದಿನ ಎರಡು ದಾರ ಹಿಗ್ಗಿ ಉದ್ದವಾಗಿರುತ್ತವೆ. ಆಗ ಹಿಂದಿನವು ಬಿಗಿದು, ಕೈಟ್ ಹಿಂದಕ್ಕೆ ಜಾರಿ ನೀರಿಗೆ ಕೂರುತ್ತದೆ. ಸೂತ್ರ ತಪ್ಪಿದ ಗಾಳಿಪಟ ಹಾರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಾರಗಳನ್ನು ಸರಿಸಮ ಮಾಡಿಸಿದರೆ ಸಾಕು, ಕೈಟನ್ನು ದೂರಬೇಡಿ.

ಪ್ರಶ್ನೆ: ನೀರಿನ ನಡುವೆ ಇರುವಾಗ ಮಳೆಮೋಡ ಬಂದರೆ?
– ಓದುಗರು, ಹೊಳಲ್ಕೆರೆ

ಉತ್ತರ: ಬರುವ ಮೊದಲೇ ದಡ ಸೇರಬೇಕು. ಗಾಳಿ ತಟ್ಟನೆ ತಣ್ಣಗಾಯಿತು ಅಥವಾ ದಿಕ್ಕು ಬದಲಿಸಿತು ಎಂದರೆ ನಿಮಗೆ ಉಳಿದಿರುವುದು ಕೆಲವೇ ನಿಮಿಷ. ದೂರ ಇದ್ದೀರಾ? ಎದೆಯ ಮುಂದಿನ ಕ್ವಿಕ್ ರಿಲೀಸ್ (ಕೈಟಿನ ಎಳೆತವನ್ನು ತಟ್ಟನೆ ಬಿಡಿಸುವ ಕೊಂಡಿ) ಅನ್ನು ಮುಂದಕ್ಕೆ ತಳ್ಳಿ. ಕೈಟ್ ಒಂದೇ ದಾರದಲ್ಲಿ ಬಾವುಟದಂತೆ ಬಿದ್ದು ಎಳೆತ ನಿಲ್ಲುತ್ತದೆ. ಮೊದಲು ಆ ಒಂದು ದಾರವನ್ನೇ ಬಾರಿಗೆ ಸುತ್ತಿ, ಗಂಟುಹಾಕಿ, ಆಮೇಲೆ ಉಳಿದವನ್ನು ಸುತ್ತಿ. ಎಲ್ಲವನ್ನೂ ಒಟ್ಟಿಗೆ ಸುತ್ತಿದರೆ ಕೈಟ್ ಮತ್ತೆ ಗಾಳಿ ಹಿಡಿಯುತ್ತದೆ, ಬೆರಳಿಗೆ ದಾರ ಸಿಕ್ಕರೆ ಬೆರಳೇ ಹೋಗಬಹುದು. ಕೈಟ್ ತಲುಪಿ ಅದರ ಟ್ಯೂಬಿನ ಮೇಲೆ ಒರಗಿ ತೇಲಿ.

ಗಾಳಿ ದಡದಿಂದ ಕಡಲ ಕಡೆಗೆ ಬೀಸುವ ದಿನ ನೀರಿಗೇ ಇಳಿಯಬೇಡಿ. ಮೀನುಗಾರರು ಬಲೆ ಕಟ್ಟುವ ಗೂಟಗಳು ಎಲ್ಲೆಲ್ಲಿವೆ ಎಂದು ದಡದಲ್ಲೇ ಅವರನ್ನು ಕೇಳಿಕೊಳ್ಳಿ. ನೀರೇರಿದಾಗ ಅವು ಕಾಣುವುದಿಲ್ಲ.