ಓದುಗರ ಪ್ರಶ್ನೆ: ಹಳೆಯ ಜಪಾನನ್ನು ಎಲ್ಲಿ, ಹೇಗೆ ನೋಡುವುದು?

ಪ್ರಶ್ನೆ: ಬರುವ ವರ್ಷ ಹತ್ತು ದಿನಕ್ಕೆ ಜಪಾನಿಗೆ ಹೊರಟಿದ್ದೇವೆ. ದೊಡ್ಡ ಕಟ್ಟಡ, ಶಾಪಿಂಗ್ ನಮಗೆ ಬೇಡ, ಹಳೆಯ ಸಂಸ್ಕೃತಿ ನೋಡಬೇಕು. ಟೋಕಿಯೊ, ಕ್ಯೋಟೊ, ನಾರಾ, ಒಸಾಕಾ, ಹಿರೋಶಿಮಾ ಸುತ್ತಿ, ನಡುವೆ ಕಬುಕಿ ನಾಟಕ, ಸುಮೊ ಕುಸ್ತಿ, ಚಹಾ ಸಮಾರಂಭ ಎಲ್ಲವನ್ನೂ ಒಂದೊಂದು ಸಲ ಮುಗಿಸಬಹುದಾ?

ಉತ್ತರ: ಮುಗಿಸಬಹುದು, ಆದರೆ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. ದಯವಿಟ್ಟು ಎರಡು ಊರು ಕಡಿಮೆ ಮಾಡಿ. ಅಲ್ಲಿನ ಹಳೆಯ ಕಲೆಗಳೆಲ್ಲ ನಿಧಾನದವು. ಅರ್ಧ ಗಂಟೆಯಲ್ಲಿ ಎಲ್ಲ ತೋರಿಸುತ್ತೇವೆ ಅನ್ನುವ ಪ್ಯಾಕೇಜುಗಳಲ್ಲಿ ಫೋಟೊ ಸಿಗುತ್ತದೆ, ಅಷ್ಟೇ.

ಸುಮೊ ಬೇಕಿದ್ದರೆ ವಿಮಾನದ ಟಿಕೆಟ್ ತೆಗೆಯುವ ಮೊದಲೇ ತಾರೀಖು ನೋಡಿ. ದೊಡ್ಡ ಪಂದ್ಯಾವಳಿ ವರ್ಷಕ್ಕೆ 6 ಮಾತ್ರ, ಒಂದೊಂದೂ 15 ದಿನ. ಜನವರಿ, ಮೇ, ಸೆಪ್ಟೆಂಬರ್‌ನಲ್ಲಿ ಟೋಕಿಯೊದ ರ್‍ಯೋಗೊಕು, ಮಾರ್ಚ್‌ನಲ್ಲಿ ಒಸಾಕಾ, ಜುಲೈಯಲ್ಲಿ ನಗೋಯಾ, ನವೆಂಬರ್‌ನಲ್ಲಿ ಫುಕುವೊಕಾ. ಹೆಚ್ಚಿನವರು ದೊಡ್ಡ ಹೆಸರಿನ ಮಲ್ಲರನ್ನು ನೋಡಲು ಮಧ್ಯಾಹ್ನದ ಮೇಲೆ ಬರುತ್ತಾರೆ. ನೀವು ಬೆಳಿಗ್ಗೆಯೇ ಹೋಗಿ. ಹೊಸ ಹುಡುಗರ ಕುಸ್ತಿ ಮೊದಲು ನಡೆಯುತ್ತದೆ, ಅವರಿಗೆ ಉಪ್ಪು ಎರಚುವ ಹಕ್ಕು ಇನ್ನೂ ಬಂದಿರುವುದಿಲ್ಲ. ದಿನ ಏರಿದಂತೆ ಉಪ್ಪು ಬರುತ್ತದೆ, ಬಣ್ಣದ ಬಟ್ಟೆ ಬರುತ್ತದೆ, ಜನರ ಕೂಗು ಜಾಸ್ತಿ ಆಗುತ್ತದೆ. ಅಖಾಡದ ಮೇಲೆ ತೂಗುಬಿಟ್ಟ ಮಾಡು ಶಿಂಟೊ ಗುಡಿಯದ್ದು ಅಂತ ಆಗ ತಾನಾಗಿಯೇ ಅರ್ಥವಾಗುತ್ತದೆ.

ಕಬುಕಿ ಪೂರ್ತಿ ನೋಡಿದರೆ ನಾಲ್ಕು ಗಂಟೆಯ ಹತ್ತಿರ ಆಗುತ್ತದೆ. ಟೋಕಿಯೊದ ಗಿಂಜಾದಲ್ಲಿರುವ ಕಬುಕಿಜಾದಲ್ಲಿ ಒಂದೇ ಅಂಕಕ್ಕೂ ಟಿಕೆಟ್ ಕೊಡುತ್ತಾರೆ, ನಾಲ್ಕನೇ ಮಹಡಿಯಲ್ಲಿ ಜಾಗ. ದುಡ್ಡು ಕಡಿಮೆ, ಆದರೆ ಪ್ರೇಕ್ಷಕರ ನಡುವಿನಿಂದ ನಟರು ನಡೆದುಬರುವ ಹಾದಿ ಅಲ್ಲಿಂದ ಪೂರ್ತಿ ಕಾಣುವುದಿಲ್ಲ. ಮೊದಲ ಸಲಕ್ಕೆ ಅಷ್ಟು ಸಾಕು ಅಂತ ನನ್ನ ಅಭಿಪ್ರಾಯ. ಒಸಾಕಾ ಉಳಿಸಿಕೊಂಡರೆ ಅಲ್ಲಿನ ರಾಷ್ಟ್ರೀಯ ಬುನ್ರಾಕು (ಗೊಂಬೆಯಾಟ) ರಂಗಮಂದಿರವನ್ನು ಬಿಡಬೇಡಿ. ಒಂದೊಂದು ಮುಖ್ಯ ಗೊಂಬೆಯನ್ನೂ ಮೂವರು ಸೇರಿ ಆಡಿಸುತ್ತಾರೆ, ಸ್ವಲ್ಪ ಹೊತ್ತಿಗೆ ಆ ಮೂವರೂ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ!

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಜಪಾನಿನಲ್ಲಿ ಸಾಂಪ್ರದಾಯಿಕ ಊಟ ನಮಗೆ ಸಾಧ್ಯವೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಅಲ್ಲಿನ ಅಡುಗೆಯ ಬುಡದಲ್ಲಿ ದಾಶಿ ಅನ್ನುವ ಸಾರು ಇರುತ್ತದೆ. ಸಾಮಾನ್ಯವಾಗಿ ಅದನ್ನು ಒಣಗಿಸಿದ ಬೊನಿಟೊ ಮೀನಿನ ತೆಳು ಚೂರುಗಳಿಂದ ಮಾಡುತ್ತಾರೆ. ಹಾಗಾಗಿ ಮಿಸೊ ಸೂಪು, ಉಡಾನ್ ನೂಡಲ್ಸಿನ ಸಾರು, ಬರೀ ತರಕಾರಿ ಬೇಯಿಸಿದ್ದು ಅಂತ ಕಾಣುವ ಪಲ್ಯದಲ್ಲೂ ಮೀನಿನ ಅಂಶ ಇರಬಹುದು. ಮಾಂಸ ಬೇಡ ಅಂದರೆ ಸಾಲದು, ಮೀನಿನ ದಾಶಿಯೂ ಬೇಡ ಅಂತ ಜಪಾನಿ ಭಾಷೆಯಲ್ಲಿ ಬರೆಸಿಕೊಂಡು ಚೀಟಿ ತೋರಿಸಿ.

ಆದರೆ ನಿಮಗಾಗಿಯೇ ಮಾಡಿದಂಥ ಒಂದು ಪರಂಪರೆ ಅಲ್ಲಿದೆ. ಬೌದ್ಧ ಮಠಗಳ ಶೋಜಿನ್ ರ್‍ಯೋರಿ. ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರಿಗೆ ಕೊಂಬು ಅನ್ನುವ ಕಡಲ ಸೊಪ್ಪು, ಒಣ ಶಿಟಾಕೆ ಅಣಬೆ. ಎಳ್ಳಿನಿಂದ ಮಾಡುವ ಗೋಮಾ ದೋಫು ಬಾಯಲ್ಲಿಟ್ಟರೆ ಕರಗುತ್ತದೆ. ಇದನ್ನು ಉಣ್ಣಲು ಕೋಯಾಸಾನ್‌ಗೆ ಹೋಗಿ. ಸುಮಾರು 800 ಮೀಟರ್ ಎತ್ತರದ ಬೆಟ್ಟದ ಊರು, ಕೂಕಾಯ್ ಎಂಬ ಸನ್ಯಾಸಿಗೆ ಚಕ್ರವರ್ತಿ 816ರಲ್ಲಿ ಬಿಟ್ಟುಕೊಟ್ಟ ಜಾಗ. ಒಸಾಕಾದ ನಂಬಾದಿಂದ ರೈಲು, ಕೊನೆಗೆ ಕೇಬಲ್ ಕಾರ್. ಅಲ್ಲಿರುವ 117 ಮಠಗಳಲ್ಲಿ ಐವತ್ತರಷ್ಟು ಪ್ರವಾಸಿಗರಿಗೆ ತಂಗಲು ಕೋಣೆ ಕೊಡುತ್ತವೆ. ಸಂಜೆ ಆರರ ಹೊತ್ತಿಗೆಲ್ಲ ಊಟ ಬಂದುಬಿಡುತ್ತದೆ, ಬೆಳಿಗ್ಗೆ ಬೇಗ ಪ್ರಾರ್ಥನೆ. ಕೆಲವು ಮಠಗಳಲ್ಲಿ ಹೋಮವೂ ಇರುತ್ತದೆ. ಭಾರತದಿಂದ ಚೀನಾಕ್ಕೆ ಹೋದ, ಕೂಕಾಯ್ ಅಲ್ಲಿ ಕಲಿತು ತಂದ ತಾಂತ್ರಿಕ ಬೌದ್ಧ ಪದ್ಧತಿ ಅದು. ಕತ್ತಲಲ್ಲಿ ಬೆಂಕಿ ಏಳುವಾಗ ಪಕ್ಕದಲ್ಲಿ ಕೂತು ಮಂತ್ರ ಕೇಳುವ ಅನುಭವಕ್ಕೆ ಒಂದು ರಾತ್ರಿ ಕೊಡಲೇಬೇಕು. ಆಮೇಲೆ ಒಕುನೊಯಿನ್ ಸ್ಮಶಾನದ 2 ಕಿಲೋಮೀಟರ್ ದಾರಿಯಲ್ಲಿ ನಡೆಯಿರಿ, ದೊಡ್ಡ ದೊಡ್ಡ ಸೀಡರ್ ಮರಗಳ ಕೆಳಗೆ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳಿವೆ. ಕೂಕಾಯ್ ಇನ್ನೂ ಧ್ಯಾನದಲ್ಲಿದ್ದಾರೆ ಅನ್ನುವುದು ಅವರ ನಂಬಿಕೆ, ದಿನಕ್ಕೆ ಎರಡು ಸಲ ಊಟ ಒಯ್ಯುತ್ತಾರೆ. ಕೊನೆಯ ಸೇತುವೆ ದಾಟಿದ ಮೇಲೆ ಫೋಟೊ ತೆಗೆಯುವಂತಿಲ್ಲ. ಬೇಸಿಗೆ ಬಿಟ್ಟು ಬೇರೆ ಕಾಲದಲ್ಲಿ ಸ್ವೆಟರ್ ಮರೆಯಬೇಡಿ.

ಪ್ರಶ್ನೆ: ಚಹಾ ಸಮಾರಂಭದಲ್ಲಿ ಮಂಡಿ ಮಡಚಿ ಕೂರಬೇಕಂತೆ. ನನಗೆ ಮಂಡಿ ನೋವು. ಅಲ್ಲದೆ ಒಂದು ಬಟ್ಟಲು ಚಹಾಕ್ಕೆ ಅಷ್ಟೊಂದು ನಿಯಮ ಯಾಕೆ ಅಂತಲೂ ತಿಳಿಸಿ.

ಉತ್ತರ: ಮಂಡಿಯ ಚಿಂತೆ ಬಿಡಿ. 1872ರಲ್ಲಿ ಕ್ಯೋಟೊದಲ್ಲಿ ವಸ್ತುಪ್ರದರ್ಶನ ನಡೆದಾಗ ಬಂದ ವಿದೇಶಿಯರಿಗಾಗಿಯೇ ಉರಾಸೆಂಕೆ ಎಂಬ ಚಹಾ ಪರಂಪರೆಯ ಗುರುಗಳು ಮೇಜು ಕುರ್ಚಿಯ ಪದ್ಧತಿ ತಂದರು. ಅದರ ಹೆಸರು ರ್‍ಯೂರೆ. ಬುಕ್ ಮಾಡುವಾಗಲೇ ಕೇಳಿ, ಅವರಿಗೆ ಇದು ಹೊಸದೇನಲ್ಲ.

ಇನ್ನು ನಿಯಮದ ಮಾತು. ಈ ಕಲೆಗೆ ಈಗಿನ ರೂಪ ಕೊಟ್ಟವರು ಸೆನ್ ನೊ ರಿಕ್ಯೂ (1522–1591). ಅವರದೆಂದು ಹೇಳುವ ತೈಆನ್ ಕೋಣೆ ಕ್ಯೋಟೊ ಪಕ್ಕದ ಓಯಾಮಜಾಕಿಯಲ್ಲಿದೆ, ಚಹಾಕ್ಕೆ ಕೂರುವ ಜಾಗ ಎರಡು ಚಾಪೆಯಷ್ಟೇ. ಒಳಗೆ ಹೋಗಲು ತೆವಳುವಷ್ಟು ಸಣ್ಣ ಬಾಗಿಲು. ಯಾರೇ ಆಗಲಿ, ಎಂಥ ದೊಡ್ಡ ಯೋಧನೇ ಆಗಲಿ, ತಲೆ ಬಗ್ಗಿಸಲೇಬೇಕು, ಕತ್ತಿ ಹೊರಗೇ ಇಡಬೇಕು. ಅಲ್ಲಿಂದ ಒಳಗೆ ನಡೆಯುವುದೆಲ್ಲ ಹಾಗೆಯೇ, ಪ್ರತಿ ನಿಯಮದ ಹಿಂದೆ ಎದುರಿನವರ ಬಗ್ಗೆ ಒಂದು ಕಾಳಜಿ ಇರುತ್ತದೆ. ಮೊದಲು ಸಿಹಿ ಕೊಡುತ್ತಾರೆ, ಮಾಚಾ ಅನ್ನುವ ಹಸಿರು ಪುಡಿಯ ಚಹಾ ಕಹಿ ಅಲ್ವಾ, ಅದಕ್ಕೆ. ಬಟ್ಟಲಿನ ಚೆಂದದ ಮುಖವನ್ನು ನಿಮ್ಮ ಕಡೆ ತಿರುಗಿಸಿ ಇಡುತ್ತಾರೆ. ಆ ಮುಖದಿಂದ ಕುಡಿಯಬಾರದೆಂದು ನೀವು ಸ್ವಲ್ಪ ತಿರುಗಿಸಿ ಕುಡಿಯುತ್ತೀರಿ. ಕುಡಿದು ಬಟ್ಟಲನ್ನು ಕೈಯಲ್ಲಿ ಹಿಡಿದು ನೋಡಬೇಕು, ಇದು ಬರೀ ಶಿಷ್ಟಾಚಾರ ಅಲ್ಲ, ಆತಿಥೇಯರು ನಿಮಗೆ ಅಂತಲೇ, ಆ ಋತುವಿಗೆ ಅಂತಲೇ ಅದನ್ನು ಆರಿಸಿರುತ್ತಾರೆ. ತಪ್ಪಾದರೆ ಯಾರೂ ಬೈಯುವುದಿಲ್ಲ. ಉಂಗುರ, ವಾಚು ಮಾತ್ರ ತೆಗೆದಿಡಿ, ಬಟ್ಟಲಿಗೆ ಗೀರು ಬೀಳಬಾರದು.

ತೈಆನ್ ನೋಡಲು ಬಹಳ ಮೊದಲೇ ಅರ್ಜಿ ಹಾಕಬೇಕು. ಆಗದಿದ್ದರೆ ಅದೇ ಊರಿನ ಇತಿಹಾಸ ಸಂಗ್ರಹಾಲಯದಲ್ಲಿ ಅಷ್ಟೇ ಅಳತೆಯ ಮಾದರಿ ಇದೆ, ಅದನ್ನು ನೋಡಿ. ಹೋಗುವವರು ಕಡಿಮೆ, ಯಾಕೋ ಗೊತ್ತಿಲ್ಲ.

ಪ್ರಶ್ನೆ: ಕ್ಯೋಟೊದಲ್ಲಿ ಗೇಶಾಗಳ ಫೋಟೊ ತೆಗೆಯಲು ಒಳ್ಳೆಯ ಜಾಗ ಯಾವುದು?

ಉತ್ತರ: ಬೀದಿಯಲ್ಲಿ ಕಾದು ನಿಂತು ತೆಗೆಯುವ ಆಸೆ ಇದ್ದರೆ ಬಿಟ್ಟುಬಿಡಿ. ಅವರು ಹಾಡು, ನೃತ್ಯದ ಕೆಲಸಕ್ಕೆ ಹೋಗುತ್ತಿರುವ ಹೆಣ್ಣುಮಕ್ಕಳು, ಕಲಿಯುತ್ತಿರುವ ಮೈಕೊಗಳಂತೂ ಇನ್ನೂ ಚಿಕ್ಕ ವಯಸ್ಸಿನವರು. ಪ್ರವಾಸಿಗರು ಅಡ್ಡಗಟ್ಟಿ, ಕಿಮೊನೊ ಹಿಡಿದೆಳೆದು ಎಷ್ಟು ಹಿಂಸೆ ಕೊಟ್ಟರೆಂದರೆ, 2024ರಲ್ಲಿ ಗೇಶಾಗಳ ಬಡಾವಣೆಯಾದ ಗಿಯೋನ್‌ನ ಖಾಸಗಿ ಗಲ್ಲಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿಲ್ಲಿಸಿದರು. ಒಳಗೆ ಹೋದರೆ 10,000 ಯೆನ್ ದಂಡ ಎಂಬ ಫಲಕಗಳಿವೆ.

ಅವರ ಕಲೆ ನೋಡಬೇಕು ಅನ್ನುವುದಾದರೆ ದಾರಿ ಇದೆ. ಏಪ್ರಿಲ್ ತಿಂಗಳಿಡೀ ಗಿಯೋನ್‌ನಲ್ಲಿ ಮಿಯಾಕೊ ಒದೊರಿ ನೃತ್ಯ ನಡೆಯುತ್ತದೆ. ಇದೂ 1872ರ ಆ ಪ್ರದರ್ಶನದ ಹೊತ್ತಿಗೆ ಶುರುವಾದದ್ದೇ. ಫೆಬ್ರವರಿ 25ಕ್ಕೆ ಅಲ್ಲಿದ್ದರೆ ಕಿತಾನೊ ತೆನ್‌ಮಾಂಗು ದೇಗುಲಕ್ಕೆ ಹೋಗಿ. ಪ್ಲಮ್ ಹೂವಿನ ಹಬ್ಬ, ಕಾಮಿಶಿಚಿಕೆನ್ ಬೀದಿಯ ಗೇಕೊ (ಕ್ಯೋಟೊದಲ್ಲಿ ಗೇಶಾಗಳಿಗೆ ಇದೇ ಹೆಸರು), ಮೈಕೊಗಳು ಬಯಲಿನಲ್ಲೇ ಚಹಾ ಕೊಡುತ್ತಾರೆ.

ಪ್ರಶ್ನೆ: ವಿದೇಶಿಯರು ಕಿಮೊನೊ ಉಟ್ಟರೆ ಅಲ್ಲಿನವರಿಗೆ ಬೇಸರ ಆಗುತ್ತದಾ?

ಉತ್ತರ: ಇಲ್ಲ, ಖುಷಿಪಡುವವರೇ ಜಾಸ್ತಿ. ಎಡ ಸೆರಗು ಯಾವಾಗಲೂ ಬಲದ ಮೇಲೆ ಬರಬೇಕು, ತಿರುಗಾಮುರುಗಾ ಉಡಿಸುವುದು ಶವಕ್ಕೆ.

ಪ್ರಶ್ನೆ: ಬಿಸಿನೀರಿನ ಬುಗ್ಗೆಯಲ್ಲಿ ಎಲ್ಲರ ಎದುರು ಬಟ್ಟೆಯಿಲ್ಲದೆ ಇಳಿಯಬೇಕಂತೆ. ಹೋಗಬೇಕೆಂಬ ಆಸೆಯೂ ಇದೆ, ನಾಚಿಕೆಯೂ ಇದೆ. ಕೈಮೇಲೆ ಹಚ್ಚೆ ಬೇರೆ ಇದೆ.

ಉತ್ತರ: ನಾಚಿಕೆ ಐದು ನಿಮಿಷದಲ್ಲಿ ಹೋಗುತ್ತದೆ, ಯಾರೂ ಯಾರನ್ನೂ ನೋಡುವುದಿಲ್ಲ. ಗಂಡಸರಿಗೆ, ಹೆಂಗಸರಿಗೆ ಸಾಮಾನ್ಯವಾಗಿ ಬೇರೆ ಬೇರೆ ಕೊಳ. ಮೊದಲು ಸಣ್ಣ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ಸ್ನಾನ ಮುಗಿಸಿ, ಆಮೇಲೆ ಕೊಳಕ್ಕೆ ಇಳಿಯಿರಿ. ಕೊಳ ಇರುವುದು ನೆನೆಯಲು, ತೊಳೆದುಕೊಳ್ಳಲು ಅಲ್ಲ. ಟವೆಲ್ ನೀರಿಗೆ ಮುಟ್ಟಬಾರದು, ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ. ಹಚ್ಚೆ ಇದ್ದವರನ್ನು ಬಿಡದ ಕಡೆಗಳು ಈಗಲೂ ಬಹಳ ಇವೆ, ಹಾಗಾಗಿ ಕಿನೊಸಾಕಿ ಊರನ್ನು ಆರಿಸಿ. ಅಲ್ಲಿನ 7 ಸಾರ್ವಜನಿಕ ಸ್ನಾನಗೃಹಗಳಲ್ಲೂ ಹಚ್ಚೆಗೆ ತಡೆ ಇಲ್ಲ. ಸಂಜೆ ಊರಿಗೆ ಊರೇ ಯುಕಾತಾ ಎಂಬ ತೆಳು ಕಿಮೊನೊ ಉಟ್ಟು, ಮರದ ಗೇಟಾ ಚಪ್ಪಲಿ ಟಕಟಕ ಅನ್ನಿಸುತ್ತಾ ಒಂದು ಸ್ನಾನದಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ. ಒಬ್ಬರೇ ಇಳಿಯಬೇಕು ಅನ್ನಿಸಿದರೆ ಗಂಟೆ ಲೆಕ್ಕದಲ್ಲಿ ಕೊಡುವ ಖಾಸಗಿ ಕೊಳ ಇರುವ ವಸತಿಯನ್ನು ಹುಡುಕಿ. ಬಿಸಿ ಜಾಸ್ತಿ ಇರುತ್ತದೆ, ಮೊದಲ ದಿನವೇ ತುಂಬ ಹೊತ್ತು ಕೂರಬೇಡಿ, ಎದ್ದ ಮೇಲೆ ನೀರು ಕುಡಿಯಿರಿ.