ನಡುಗಡ್ಡೆಯ ಸ್ವರ್ಗ, ನೋಡುಗರ ಜಗಳ

ಡ್ಯಾನಿ ಬಾಯ್ಲ್ ನಿರ್ದೇಶನದ ‘ದಿ ಬೀಚ್’ (2000) ಬಗ್ಗೆ ಬಂದಿರುವ ಪತ್ರಗಳಲ್ಲಿ ಅರ್ಧ ಹೊಗಳಿಕೆ, ಅರ್ಧ ಬೈಗುಳ. ಚಿತ್ರ ನೋಡದವರಿಗೆ ಕಥೆ ಇಷ್ಟು: ಬ್ಯಾಂಕಾಕಿನ ಅಗ್ಗದ ಲಾಡ್ಜಿನಲ್ಲಿ ಇಳಿದುಕೊಂಡ ಅಮೆರಿಕದ ಹುಡುಗ ರಿಚರ್ಡ್‌ಗೆ (ಲಿಯೊನಾರ್ಡೊ ಡಿಕಾಪ್ರಿಯೊ) ಪಕ್ಕದ ಕೋಣೆಯ ಅರೆಹುಚ್ಚ ಡ್ಯಾಫಿ ಕೈಯಲ್ಲಿ ಬರೆದ ನಕ್ಷೆಯೊಂದನ್ನು ಬಿಟ್ಟು ಪ್ರಾಣ ಕಳೆದುಕೊಳ್ಳುತ್ತಾನೆ. ಫ್ರೆಂಚ್ ಜೋಡಿ ಫ್ರಾಂಸ್ವಾಸ್ ಮತ್ತು ಎಟಿಯೆನ್ ಜತೆ ರಿಚರ್ಡ್ ನಕ್ಷೆಯಲ್ಲಿದ್ದ ನಡುಗಡ್ಡೆಗೆ ಈಜಿ ಸೇರುತ್ತಾನೆ. ಅಲ್ಲಿ ಒಂದು ಮಗ್ಗುಲಿಗೆ ಬಂದೂಕು ಹಿಡಿದ ಗಾಂಜಾ ಬೆಳೆಗಾರರು, ಇನ್ನೊಂದು ಮಗ್ಗುಲಿಗೆ ಸಾಲ್ ಎಂಬಾಕೆಯ ಯಜಮಾನಿಕೆಯಲ್ಲಿ ಗುಟ್ಟಾಗಿ ಬದುಕುವ ವಿದೇಶಿಯರ ಗುಂಪು. ಉತ್ತರಗಳಲ್ಲಿ ಕೊನೆಯ ತಿರುವೂ ಬಂದಿದೆ. ಇನ್ನೂ ನೋಡಬೇಕೆಂದಿರುವವರು ಎಚ್ಚರ.

● ಮನೆಯಲ್ಲಿ ನಾಲ್ವರು ಕೂತು ನೋಡಿದೆವು. ಇಬ್ಬರು ‘ಸೂಪರ್’ ಎಂದರು, ಇಬ್ಬರು ‘ಎರಡು ಗಂಟೆ ದಂಡ’ ಎಂದರು. ಒಂದೇ ಚಿತ್ರಕ್ಕೆ ಹೀಗೇಕೆ?
– ಓದುಗರು, ಹುಬ್ಬಳ್ಳಿ

ಚಿತ್ರದ ಉದ್ದ 119 ನಿಮಿಷ. ಅಷ್ಟರೊಳಗೆ ಮೂರು ಬೇರೆ ಬೇರೆ ಚಿತ್ರಗಳನ್ನು ತುರುಕಲಾಗಿದೆ. ಮೊದಲನೆಯದು ಪ್ರವಾಸ ಮತ್ತು ನಕ್ಷೆಯ ಕುತೂಹಲ, ಎರಡನೆಯದು ನಡುಗಡ್ಡೆಯ ಬಾಳು ಮತ್ತು ಪ್ರೇಮ, ಮೂರನೆಯದು ರಿಚರ್ಡ್‌ಗೆ ಹಿಡಿಯುವ ಹುಚ್ಚು. 1997ರ ‘ಟೈಟಾನಿಕ್’ ನೋಡಿದ್ದವರು ಇಲ್ಲಿಯೂ ಪ್ರೇಮಕಥೆಯನ್ನೇ ಕಾದು ಕೂತರು. ಅವರಿಗೆ ಸಿಕ್ಕಿದ್ದು ನೀರಿನೊಳಗಿನ ಒಂದು ಚುಂಬನ ಮಾತ್ರ. ಆಮೇಲೆ ನಾಯಕ ಸುಳ್ಳು ಹೇಳುತ್ತಾನೆ, ಸಾಲ್ ಜತೆ ಮಲಗುತ್ತಾನೆ, ಕಾಡಿನಲ್ಲಿ ಹುಳ ತಿನ್ನುತ್ತಾನೆ. ಮೆಚ್ಚಿಕೊಳ್ಳಲು ಬಂದವರಿಗೆ ಮೆಚ್ಚಲು ಒಬ್ಬನೂ ಉಳಿಯುವುದಿಲ್ಲ.

ಚಿತ್ರ ಮುಗ್ಗರಿಸುವ ಜಾಗವನ್ನು ಬೆರಳಿಟ್ಟು ತೋರಿಸಬಹುದು. ಸಾಲ್ ರಿಚರ್ಡ್‌ನನ್ನು ಗುಡ್ಡದ ಮೇಲೆ ಕಾವಲಿಗೆ ಅಟ್ಟುವ ಸನ್ನಿವೇಶ. ಒಬ್ಬ ಮನುಷ್ಯನ ತಲೆ ಕೆಡಲು ದಿನಗಳು ಬೇಕು, ಒಂಟಿತನ ಬೇಕು, ಹಸಿವು ಬೇಕು. ಇಲ್ಲಿ ಅದನ್ನೆಲ್ಲ ವಿಡಿಯೊ ಗೇಮಿನಂತೆ ಚಿತ್ರಿಸಿದ ಒಂದು ತುಣುಕಿನಲ್ಲಿ ಮುಗಿಸಿಬಿಟ್ಟಿದ್ದಾರೆ. ‘ಇವನಿಗೆ ಇದ್ದಕ್ಕಿದ್ದಂತೆ ಏನಾಯಿತು?’ ಎಂದು ನಿಮ್ಮ ಮನೆಯ ಆ ಇಬ್ಬರು ಕೇಳಿದ್ದರೆ ತಪ್ಪು ಅವರದಲ್ಲ.

ಆದರೆ ‘ಸೂಪರ್’ ಎಂದವರ ಪಾಲಿಗೂ ಒಂದು ಗಟ್ಟಿ ಸಾಕ್ಷಿಯಿದೆ: ಡೇರೆಯ ಪ್ರಸಂಗ. ಸ್ವೀಡನ್ನಿನ ಹುಡುಗರ ಮೇಲೆ ಶಾರ್ಕ್ ಎರಗುತ್ತದೆ. ಒಬ್ಬ ಸಾಯುತ್ತಾನೆ, ಕ್ರಿಸ್ಟೊ ಎಂಬವನ ಕಾಲು ಹರಿಯುತ್ತದೆ. ದಡದಾಚೆಯಿಂದ ವೈದ್ಯರನ್ನು ಕರೆತಂದರೆ ಗುಟ್ಟು ಬಯಲಾಗುತ್ತದೆ. ದೋಣಿ ಹತ್ತಲು ಅವನಿಗೆ ಈಗ ಕಡಲೆಂದರೆ ನಡುಕ. ದಿನವಿಡೀ ನರಳುತ್ತಾನೆ. ಆ ನರಳಾಟದಲ್ಲಿ ಉಳಿದವರಿಗೆ ಊಟ ಸೇರುವುದಿಲ್ಲ, ಆಟ ಆಡಲಾಗುವುದಿಲ್ಲ. ಕೊನೆಗೆ ಎತ್ತಿಕೊಂಡು ಹೋಗಿ, ಕೂಗು ಕೇಳಿಸದಷ್ಟು ದೂರದ ಕಾಡಿನಲ್ಲಿ ಡೇರೆ ಹಾಕಿ ಮಲಗಿಸಿ ಬರುತ್ತಾರೆ. ಮತ್ತೆ ನಗು, ಮತ್ತೆ ಆಟ. ಅವನ ಬಳಿ ಉಳಿಯುವವನು ಎಟಿಯೆನ್ ಒಬ್ಬನೇ. ಯಾರೂ ಭಾಷಣ ಬಿಗಿಯುವುದಿಲ್ಲ, ಯಾರೂ ಖಳನಂತೆ ಕಾಣುವುದಿಲ್ಲ. ಆ ಹತ್ತು ನಿಮಿಷಕ್ಕಾಗಿಯೇ ಈ ಚಿತ್ರವನ್ನು ನೋಡಬಹುದೆಂಬುದು ನಮ್ಮ ಎಣಿಕೆ.

● ಕಾದಂಬರಿ ಓದಿದವರು ಚಿತ್ರವನ್ನು ಬಯ್ಯುವುದೇ ಹೆಚ್ಚು. ಅಂಥದ್ದೇನು ಬದಲಾಯಿಸಿದ್ದಾರೆ?
– ಓದುಗಿ, ಶಿವಮೊಗ್ಗ

ಅಲೆಕ್ಸ್ ಗಾರ್ಲೆಂಡ್ ಅವರ ಕಾದಂಬರಿ ಬಂದಿದ್ದು 1996ರಲ್ಲಿ. ಚಿತ್ರಕಥೆ ಬರೆದವರು ಜಾನ್ ಹಾಡ್ಜ್. ಕಾದಂಬರಿಯ ರಿಚರ್ಡ್ ಇಂಗ್ಲೆಂಡಿನವನು, ಚಿತ್ರದಲ್ಲಿ ಅಮೆರಿಕದವನಾದ. ಇದು ಸಣ್ಣ ಬದಲಾವಣೆ, ಅದರಿಂದ ಕೆಟ್ಟಿದ್ದೇನೂ ಇಲ್ಲ.

ಏಟು ಬಿದ್ದಿದ್ದು ಬೇರೆ ಎರಡು ಕಡೆ. ಪುಸ್ತಕದಲ್ಲಿ ಫ್ರಾಂಸ್ವಾಸ್ ಮೇಲೆ ಅವನಿಗೆ ಆಸೆಯಿದೆ, ಆದರೆ ಅದು ಎಲ್ಲಿಗೂ ಮುಟ್ಟುವುದಿಲ್ಲ. ಹಾಗಾಗಿ ಎಟಿಯೆನ್ ಕೊನೆಯವರೆಗೂ ಗೆಳೆಯನಾಗಿ ಉಳಿಯುತ್ತಾನೆ. ಚಿತ್ರದಲ್ಲಿ ಪ್ರೇಮ ಕೂಡಿಬರುತ್ತದೆ, ಎಟಿಯೆನ್ ಎರಡು ಮಾತಾಡಿ ದಾರಿ ಬಿಟ್ಟುಕೊಡುತ್ತಾನೆ. ಯಾವ ಮನುಷ್ಯ ಹಾಗೆ ಬಿಟ್ಟುಕೊಡುತ್ತಾನೆ?

ಎರಡನೆಯದು ಅಕ್ಕಿ ತರುವ ಪ್ರಯಾಣ. ನಡುಗಡ್ಡೆಯಲ್ಲಿ ಮೀನುಂಟು, ಅಕ್ಕಿ ಬೆಳೆಯುವುದಿಲ್ಲ. ಆಗಾಗ ಯಾರಾದರೂ ಕೊ ಪಾಂಗಾನ್ ದ್ವೀಪಕ್ಕೆ ಹೋಗಿ ಮೂಟೆ ಹೊತ್ತು ತರಬೇಕು. ಕಾದಂಬರಿಯಲ್ಲಿ ರಿಚರ್ಡ್ ಜತೆ ಹೋಗುವವನು ಜೆಡ್ ಎಂಬ ಮಿತಭಾಷಿ. ಚಿತ್ರದಲ್ಲಿ ಆ ಪಾತ್ರವನ್ನು ತೆಗೆದು ಸಾಲ್‌ಳನ್ನೇ ಕಳಿಸಿ, ಒಂದು ಹಾಸಿಗೆ ದೃಶ್ಯ ಸೇರಿಸಿದರು. ಟಿಲ್ಡಾ ಸ್ವಿಂಟನ್ ಅಂಥ ನಟಿ ಗಟ್ಟಿಯಾಗಿ ಕಟ್ಟಿದ ಯಜಮಾನಿ ಒಂದೇ ರಾತ್ರಿಯಲ್ಲಿ ಹಗುರವಾಗುತ್ತಾಳೆ. ಮುಂದೆ ಅವಳು ಕೊಡುವ ಅಪ್ಪಣೆಗಳೆಲ್ಲ ಗುಂಪಿನ ಗುಟ್ಟಿಗಾಗಿಯೋ, ತನ್ನ ಸಿಟ್ಟಿಗಾಗಿಯೋ ಎಂಬ ಗೊಂದಲ ನೋಡುಗನಿಗೆ. ಅದೇ ಪ್ರಯಾಣದಲ್ಲಿ ಇರುವ ಒಂದು ಒಳ್ಳೆಯ ವಿವರವನ್ನೂ ಹೇಳಬೇಕು: ಹೊರಡುವ ಮುನ್ನ ಗುಂಪಿನವರೆಲ್ಲ ಪೇಟೆಯಿಂದ ತಮಗೇನು ಬೇಕೆಂದು ಪಟ್ಟಿ ಒಪ್ಪಿಸುತ್ತಾರೆ. ಜಗತ್ತನ್ನು ಬಿಟ್ಟು ಬಂದವರ ಕಿರಾಣಿ ಚೀಟಿ!

● ಈ ಚಿತ್ರ ತೋಪೆದ್ದಿತ್ತು ಎನ್ನುತ್ತಾರೆ. ನಿಜವೇ?
– ಓದುಗರು, ಬಳ್ಳಾರಿ

ಹಣದ ಲೆಕ್ಕದಲ್ಲಿ ಅಲ್ಲ. ಸುಮಾರು 5 ಕೋಟಿ ಡಾಲರ್ ವೆಚ್ಚಕ್ಕೆ ಜಗತ್ತಿನಾದ್ಯಂತ 14 ಕೋಟಿಗೂ ಹೆಚ್ಚು ಗಳಿಕೆ. ವಿಮರ್ಶಕರು ಮಾತ್ರ ಹಿಗ್ಗಾಮುಗ್ಗಾ ಜಾಡಿಸಿದರು. ಕೆಟ್ಟ ನಟನೆಗೆ ಕೊಡುವ ರಾಝಿ ‘ಪ್ರಶಸ್ತಿ’ಗೆ ಡಿಕಾಪ್ರಿಯೊ ಹೆಸರೂ ಹೋಯಿತು.

● ಕೊನೆಯಲ್ಲಿ ಸಾಲ್ ರಿವಾಲ್ವರಿನ ಕುದುರೆ ಒತ್ತಿದರೂ ಗುಂಡು ಹಾರುವುದಿಲ್ಲ. ನಾಯಕನನ್ನು ಉಳಿಸಲು ಮಾಡಿದ ಗಿಮಿಕ್ ಅಲ್ಲವೇ?
– ಓದುಗರು, ಮೈಸೂರು

ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಬೆಳೆಗಾರರ ಮುಖಂಡ ರಿವಾಲ್ವರಿನಲ್ಲಿ ಒಂದೇ ಗುಂಡು ಉಳಿಸಿ ಸಾಲ್ ಕೈಗೆ ಕೊಡುತ್ತಾನೆ. ರಿಚರ್ಡ್‌ನನ್ನು ಕೊಂದರೆ ಉಳಿದವರು ಇಲ್ಲೇ ಇರಬಹುದು, ಇಲ್ಲವಾದರೆ ಎಲ್ಲರೂ ಜಾಗ ಖಾಲಿ ಮಾಡಬೇಕು. ಅವಳು ಒತ್ತುತ್ತಾಳೆ, ‘ಟಕ್’ ಎಂಬ ಸದ್ದು ಮಾತ್ರ ಬರುತ್ತದೆ. ಗುಂಡು ಹಾರಿದ್ದರೆ ಒಬ್ಬ ಸಾಯುತ್ತಿದ್ದ. ಹಾರದೆ ಇದ್ದಿದ್ದರಿಂದ, ಅವಳು ಒತ್ತಿದ್ದನ್ನು ಗುಂಪಿನವರೆಲ್ಲ ಕಣ್ಣಾರೆ ಕಂಡಂತಾಯಿತು. ಡೇರೆಯೊಳಗೆ ಮುಚ್ಚಿಟ್ಟು ಮಾಡಿದ್ದನ್ನು ಈಗ ಎಲ್ಲರೆದುರು ಮಾಡಬೇಕಾಗಿ ಬಂತು. ಹಾಗಾಗಿ ಗಿಮಿಕ್ ಎನ್ನಲಾಗದು. ಅದಾದ ಮೇಲೆ ಸೈಬರ್ ಕೆಫೆಯಲ್ಲಿ ಕೂತು ಗುಂಪಿನ ಹಳೆಯ ಫೋಟೊ ನೋಡುವ ಮುಕ್ತಾಯ ಮಾತ್ರ ಸಕ್ಕರೆ ಪಾಕ. ಕಾದಂಬರಿಯ ಕೊನೆ ಇದಕ್ಕಿಂತ ಬಹಳ ರಕ್ತಸಿಕ್ತ.

● ಸುತ್ತ ಬಂಡೆಗೋಡೆ ಇರುವ ಆ ಕೊಳದಂಥ ಕಡಲು, ಜಲಪಾತ, ಲಾಡ್ಜು ಎಲ್ಲ ಒಂದೇ ಕಡೆ ಇವೆಯೇ?
– ಓದುಗಿ, ಕುಮಟಾ

ಇಲ್ಲ. ತೀರ ಇರುವುದು ಥಾಯ್ಲೆಂಡಿನ ಕ್ರಾಬಿ ಪ್ರಾಂತ್ಯದ ಫಿ ಫಿ ಲೇ ದ್ವೀಪದ ಮಾಯಾ ಕೊಲ್ಲಿಯಲ್ಲಿ. ಅದು ಅಂಡಮಾನ್ ಸಮುದ್ರದ ಕಡೆ. ಕಥೆ ನಡೆಯುವುದಾದರೋ ಪೂರ್ವದ ಥಾಯ್ಲೆಂಡ್ ಕೊಲ್ಲಿಯಲ್ಲಿ. ಮಾಯಾ ಕೊಲ್ಲಿಗೆ ಕಡಲಿನತ್ತ ಅಗಲವಾದ ಬಾಯಿದೆ. ಚಿತ್ರದಲ್ಲಿ ಕಂಪ್ಯೂಟರಿನಿಂದ ಬಂಡೆ ಸೇರಿಸಿ ಆ ಬಾಯಿ ಮುಚ್ಚಿದ್ದಾರೆ. ‘ಚಿತ್ರದಲ್ಲಿದ್ದಂತೆ ಇಲ್ಲ’ ಎಂದು ಅಲ್ಲಿಗೆ ಹೋದವರು ಗೊಣಗಲು ಇದೂ ಒಂದು ಕಾರಣ.

ಚಿತ್ರದಲ್ಲಿ ರಿಚರ್ಡ್ ಮತ್ತು ಜತೆಗಾರರು ಹಾರುವ ಜಲಪಾತ ಹೇವ್ ಸುವತ್. ಅದಿರುವುದು ಬ್ಯಾಂಕಾಕಿಗೆ ಈಶಾನ್ಯದಲ್ಲಿರುವ ಖಾವೊ ಯಾಯ್ ರಾಷ್ಟ್ರೀಯ ಉದ್ಯಾನದಲ್ಲಿ, ಕಡಲಿನಿಂದ ಬಲುದೂರ. ಬ್ಯಾಂಕಾಕಿನದೆಂದು ತೋರಿಸುವ ಲಾಡ್ಜ್ ವಾಸ್ತವದಲ್ಲಿ ಫುಕೆಟ್ ಪಟ್ಟಣದ ಹಳೆಯ ಆನ್ ಆನ್ ಹೋಟೆಲ್.

● ಚಿತ್ರೀಕರಣದಿಂದಲೇ ಆ ತೀರ ಹಾಳಾಯಿತು ಎನ್ನುತ್ತಾರೆ. ಒಂದು ಸಿನಿಮಾದಿಂದ ಅಷ್ಟೊಂದು ಹಾನಿ ಸಾಧ್ಯವೇ?
– ಓದುಗರು, ಉಡುಪಿ

ಸಾಧ್ಯ. ಆದರೆ ಹಾನಿ ಆಗಿದ್ದು ಎರಡು ಕಂತಿನಲ್ಲಿ, ಎರಡನ್ನೂ ಬೇರೆ ಮಾಡಿ ನೋಡಬೇಕು.

ಮೊದಲ ಕಂತು 1999ರದ್ದು. ಪ್ರಕೃತಿ ಮಾಡಿಟ್ಟ ತೀರ ಚಿತ್ರತಂಡದ ಕಣ್ಣಿಗೆ ಸಾಲದಾಯಿತು! ಬುಲ್ಡೋಜರ್ ತಂದು ಮರಳದಿಬ್ಬ ಸಮತಟ್ಟು ಮಾಡಿ, ಅಲ್ಲಿದ್ದ ಗಿಡಗಂಟಿ ಕಿತ್ತು, ಸುಮಾರು 60 ತೆಂಗಿನಮರ ನೆಟ್ಟರು. ಕರಾವಳಿಯ ನಿಮಗೆ ಬಿಡಿಸಿ ಹೇಳಬೇಕಿಲ್ಲ: ತೀರದ ಮರಳನ್ನು ಹಿಡಿದಿಡುವುದು ಮರಳ ಮೇಲೇ ಹಬ್ಬುವ ಬಳ್ಳಿ, ಹುಲ್ಲು, ಪೊದೆ. ಅವುಗಳ ಬೇರು ಗೆಣ್ಣುಗೆಣ್ಣಿಗೂ ಇಳಿದು ಬಲೆಯಂತೆ ಹರಡುತ್ತದೆ, ಎಲೆ ಗಾಳಿಯಲ್ಲಿ ಹಾರುವ ಮರಳನ್ನು ತಡೆದು ಅಲ್ಲೇ ಕೆಡವುತ್ತದೆ. ದಿಬ್ಬ ಬೆಳೆಯುವುದೇ ಹೀಗೆ. ತಂದು ನೆಟ್ಟ ತೆಂಗು ಆ ಕೆಲಸ ಮಾಡುವುದಿಲ್ಲ. ಬಳ್ಳಿ ಹೋದರೆ ಮಳೆಗಾಲದ ತೆರೆಗೆ ದಿಬ್ಬ ಜರಿಯುತ್ತದೆ, ಜರಿದ ಮರಳು ಹೋಗಿ ಹವಳದ ಮೇಲೆ ಕೂರುತ್ತದೆ. ಹವಳದೊಳಗಿನ ಪಾಚಿಗೆ ಬಿಸಿಲು ಬೇಕು. ಮೇಲೆ ಮರಳು ಮುಚ್ಚಿದರೆ ಪಾಚಿ ಸಾಯುತ್ತದೆ, ಅದರ ಹಿಂದೆ ಹವಳವೂ.

ಸ್ಥಳೀಯರು ಮತ್ತು ಪರಿಸರ ಹೋರಾಟಗಾರರು ಕೋರ್ಟಿಗೆ ಹೋದರು. ತಾನು ಕಸ ತೆಗೆದು ತೀರವನ್ನು ಮೊದಲಿಗಿಂತ ಚೊಕ್ಕಟ ಮಾಡಿದ್ದೇನೆ ಎಂಬುದು ನಿರ್ಮಾಣ ಸಂಸ್ಥೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ ವಾದವಾಗಿತ್ತು. ಹಾನಿ ಆಗಿದೆ ಎಂಬ ತೀರ್ಪನ್ನು ಥಾಯ್ ಸುಪ್ರೀಂ ಕೋರ್ಟ್ 2006ರಲ್ಲಿ ಎತ್ತಿಹಿಡಿಯಿತು. ಕೊನೆಯ ಇತ್ಯರ್ಥ ಆಗಿದ್ದು 2022ರಲ್ಲಿ: ತೀರವನ್ನು ಸರಿಪಡಿಸುವ ಹೊಣೆ ಅರಣ್ಯ ಇಲಾಖೆಯದು, ಅದಕ್ಕೆ ಫಾಕ್ಸ್ ಕಡೆಯಿಂದ 1 ಕೋಟಿ ಥಾಯ್ ಬಾತ್. ಪ್ರಕರಣಕ್ಕೆ ಎರಡು ದಶಕ ದಾಟಿತ್ತು. ಕೋರ್ಟು ಕಚೇರಿ ನಮ್ಮಲ್ಲಷ್ಟೇ ನಿಧಾನ ಅಂದುಕೊಳ್ಳಬೇಡಿ.

ಎರಡನೆಯ ಕಂತು ಚಿತ್ರ ನೋಡಿ ಬಂದವರದ್ದು. ಸುಮಾರು 250 ಮೀಟರ್ ಉದ್ದದ ತೀರಕ್ಕೆ ದಿನಕ್ಕೆ 5,000ದವರೆಗೆ ಜನ, 200ರವರೆಗೆ ದೋಣಿ. ಲಂಗರು ಹವಳ ಮುರಿಯಿತು, ದೋಣಿಯ ಫ್ಯಾನು ತಳದ ಮರಳನ್ನು ಕದಡಿತು. ಚಿತ್ರತಂಡಕ್ಕಿಂತ ದೊಡ್ಡ ಹಾನಿ ಮಾಡಿದ್ದು ಇದೇ. 2018ರ ಜೂನ್ 1ರಂದು ನಾಲ್ಕು ತಿಂಗಳಿಗೆಂದು ಮುಚ್ಚಿದ ಕೊಲ್ಲಿ ಮತ್ತೆ ತೆರೆದದ್ದು 2022ರ ಜನವರಿ 1ಕ್ಕೆ. ಅಷ್ಟರಲ್ಲಿ ಕಪ್ಪುತುದಿ ರೆಕ್ಕೆಯ ಶಾರ್ಕುಗಳು ದಡದ ಆಳವಿಲ್ಲದ ನೀರಿಗೆ ಮರಳಿದ್ದವು.

● ಆ ಶಾರ್ಕುಗಳು ಚಿತ್ರದಲ್ಲಿದ್ದಂತೆ ಮನುಷ್ಯರನ್ನು ಕಚ್ಚುತ್ತವೆಯೇ?
– ಓದುಗರು, ತುಮಕೂರು

ಇವು ಬೆಳೆದರೆ ಒಂದೂವರೆ ಮೀಟರಿನಷ್ಟು, ಮನುಷ್ಯರನ್ನು ಕಂಡರೆ ಓಡುವ ಜಾತಿ. ಅವುಗಳಿಗೆ ನಮ್ಮಿಂದ ತೊಂದರೆ ಆಗದಿರಲಿ ಎಂಬುದೂ ಅಲ್ಲಿ ಈಜು ನಿಷಿದ್ಧವಾಗಲು ಒಂದು ಕಾರಣ.

● ರಾತ್ರಿ ನೀರು ನೀಲಿಯಾಗಿ ಹೊಳೆಯುವ ದೃಶ್ಯ ಗ್ರಾಫಿಕ್ಸೋ, ನಿಜವೋ?
– ಓದುಗಿ, ಕಾರವಾರ

ಸಂಗತಿ ನಿಜ, ತೋರಿಸಿದ ಬಗೆ ಸಿನಿಮಾದ್ದು. ಕಡಲ ನೀರಿನಲ್ಲಿ ತೇಲುವ ತೀರಾ ಸಣ್ಣ ಪ್ಲವಕ (ಪ್ಲಾಂಕ್ಟನ್) ಜೀವಿಗಳು ನೀರು ಅಲುಗಿದಾಗ ಕ್ಷಣಮಾತ್ರ ಮಿಂಚುತ್ತವೆ. ಕೈ ಆಡಿಸಿದರೆ ಕಿಡಿ, ನಿಲ್ಲಿಸಿದರೆ ಕತ್ತಲು. ಚಿತ್ರದಲ್ಲಿರುವಂತೆ ದೀಪ ಹಚ್ಚಿಟ್ಟ ಹಾಗೆ ಬೆಳಗುತ್ತಲೇ ಇರುವುದಿಲ್ಲ. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯಲ್ಲೇ ತೆರೆಗಳು ನೀಲಿಯಾಗಿ ಹೊಳೆದಿದ್ದು ನೆನಪಿರಬಹುದು. ಅದಕ್ಕೆ ಕಾರಣ ನಾಕ್ಟಿಲೂಕಾ ಎಂಬ ಜೀವಿ. ಚೆಂದವೇನೋ ಹೌದು, ಆದರೆ ಅದು ವಿಪರೀತ ಹೆಚ್ಚಿದರೆ ನೀರಿನ ಆಮ್ಲಜನಕ ಇಳಿದು ಮೀನು ದೂರ ಸರಿಯುತ್ತದೆ.

● ಹೈಸ್ಕೂಲ್ ಮಕ್ಕಳ ಜತೆ ನೋಡಬಹುದೇ?
– ಓದುಗರು, ಹಾಸನ

ಬೇಡ. ಮಾದಕವಸ್ತು, ಆತ್ಮಹತ್ಯೆ, ಹಾಸಿಗೆ ದೃಶ್ಯ, ರಕ್ತ ಎಲ್ಲವೂ ಇವೆ.

● ದಸರಾ ರಜೆಗೆ ಫುಕೆಟ್ ಹೊರಟಿದ್ದೇವೆ. ಆ ತೀರ ನೋಡಿಬರಲು ಏನು ಮಾಡಬೇಕು?
– ಓದುಗರು, ಬೆಂಗಳೂರು

ಮೊದಲು ತಾರೀಖು ನೋಡಿ. ಮಾಯಾ ಕೊಲ್ಲಿ ಪ್ರತಿವರ್ಷ ಆಗಸ್ಟ್ 1ರಿಂದ ಸೆಪ್ಟೆಂಬರ್ 30ರವರೆಗೆ ಮುಚ್ಚಿರುತ್ತದೆ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ನಿಲ್ಲುವುದು ಗೊತ್ತಲ್ಲ, ಅಂಡಮಾನ್ ಸಮುದ್ರಕ್ಕೂ ಅದೇ ನೈರುತ್ಯ ಮಾರುತ. ಅಕ್ಟೋಬರಿನಲ್ಲೂ ಕಡಲು ಪೂರ್ತಿ ಶಾಂತವಾಗಿರುವುದಿಲ್ಲ, ನವೆಂಬರಿನಿಂದ ಏಪ್ರಿಲ್ ವಾಸಿ.

ಫುಕೆಟ್‌ನ ರಸ್ಸಾದ ಜೆಟ್ಟಿಯಿಂದ ಫಿ ಫಿ ಡಾನ್ ದ್ವೀಪಕ್ಕೆ ದೊಡ್ಡ ಫೆರಿಯಲ್ಲಿ ಎರಡು ಗಂಟೆ, ಸ್ಪೀಡ್ ಬೋಟಿನಲ್ಲಿ ಸುಮಾರು ಒಂದು ಗಂಟೆ. ವಾಂತಿಯ ತೊಂದರೆ ಇರುವವರಿಗೆ ಫೆರಿಯೇ ಮೇಲು. ಹೋಟೆಲು, ಅಂಗಡಿ ಇರುವುದು ಡಾನ್‌ನಲ್ಲಿ. ಮಾಯಾ ಕೊಲ್ಲಿ ಇರುವ ಫಿ ಫಿ ಲೇಯಲ್ಲಿ ರಾತ್ರಿ ತಂಗುವಂತಿಲ್ಲ. ಡಾನ್‌ನಿಂದ ಉದ್ದಬಾಲದ ದೋಣಿಯಲ್ಲಿ (ಲಾಂಗ್‌ಟೇಲ್ ಬೋಟ್) ಲೇಗೆ ಅರ್ಧ ಗಂಟೆಯೊಳಗಿನ ದಾರಿ. ಚಿತ್ರದಲ್ಲಿದ್ದಂತೆ ಕೊಲ್ಲಿಯ ಬಾಯಿಂದ ಒಳಗೆ ಹೋಗಲು ಈಗ ಬಿಡುವುದಿಲ್ಲ. ದೋಣಿ ದ್ವೀಪದ ಹಿಂಬದಿಯ ಲೋ ಸಮಾದಲ್ಲಿ ತೇಲುವ ಜೆಟ್ಟಿಗೆ ಕಟ್ಟುತ್ತಾರೆ, ಅಲ್ಲಿಂದ ಮರದ ಹಲಗೆದಾರಿಯಲ್ಲಿ ನಡೆದು ತೀರಕ್ಕೆ ಇಳಿಯಬೇಕು. ಕೊಲ್ಲಿ ಮರಳಿ ತೆರೆದಾಗ ಮಾಡಿದ ಕಟ್ಟಳೆಯಂತೆ ಒಂದು ಸರದಿಗೆ 375 ಜನ, ಒಂದು ಗಂಟೆ. ವಿದೇಶಿಯರಿಗೆ ಉದ್ಯಾನದ ಶುಲ್ಕ ದೊಡ್ಡವರಿಗೆ 400 ಬಾತ್, ಮಕ್ಕಳಿಗೆ 200. ಪ್ಯಾಕೇಜಿನಲ್ಲಿ ಇದು ಸೇರಿದೆಯೇ ಎಂದು ಮೊದಲೇ ಕೇಳಿ, ದೋಣಿ ಹತ್ತಿದ ಮೇಲೆ ಜಗಳವಾಗುವುದು ಇದಕ್ಕೇ. ನೀರಿಗೆ ಮೊಣಕಾಲುದ್ದ ಮಾತ್ರ ಇಳಿಯಬಹುದು. ಸನ್‌ಸ್ಕ್ರೀನ್ ಡಬ್ಬಿಯ ಮೇಲೆ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಎಂದಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ. ಥಾಯ್ಲೆಂಡಿನ ಕಡಲ ಉದ್ಯಾನಗಳಲ್ಲಿ 2021ರಿಂದ ಅವಕ್ಕೆ ನಿಷೇಧವಿದೆ, ದಂಡ 1 ಲಕ್ಷ ಬಾತ್‌ವರೆಗೆ.

ದಸರಾ ಸೆಪ್ಟೆಂಬರಿನಲ್ಲೇ ಬೀಳುವ ವರ್ಷವಾದರೆ, ‘ಮಾಯಾ ಬೇ ಸೇರಿ’ ಎಂದು ಮಾರುವ ಟೂರಿನವರು ಕೊಲ್ಲಿಯ ಬಾಯಿಯ ಹೊರಗೆ ದೋಣಿ ನಿಲ್ಲಿಸಿ, ಫೋಟೊ ತೆಗೆಸಿ ವಾಪಸ್ ಕರೆತರುವ ಸಾಧ್ಯತೆಯೇ ಹೆಚ್ಚು. ದುಡ್ಡು ಕಟ್ಟುವ ಮೊದಲು ‘ಇಳಿಸುತ್ತೀರಾ, ದೂರದಿಂದ ತೋರಿಸುತ್ತೀರಾ?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.